ಹೊಲದ ಕಸ, ಇದ್ದಿಲು ಮತ್ತು ಎರೆಭೂಮಿ

ತೊಗರಿಯ ರಾಶಿ ಮುಗಿದ ಮೇಲೆ ಚಿಂತಾಕಿಯಿಂದ ಔರಾದಿನ ಕಡೆಗೆ ಹೊರಟವರು ರಸ್ತೆಯ ಎರಡೂ ಬದಿಯ ಹೊಲಗಳನ್ನು ಒಮ್ಮೆ ನೋಡಬೇಕು. ಕಾಳು ಮನೆ ಸೇರಿರುತ್ತದೆ. ಹೊಟ್ಟು ದನಗಳ ಪಾಲಾಗಿರುತ್ತದೆ. ತೊಗರಿಕಟ್ಟಿಗೆ ಮಾತ್ರ ಬದುವಿನ ಮೇಲೆ ಬಿದ್ದಿರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಈ ಕಟ್ಟಿಗೆಯೇ ಮನೆಯ ಒಲೆಗೆ ಆಧಾರವಾಗಿತ್ತು. ಈಗ ಅಡುಗೆಮನೆಗೆ ಗ್ಯಾಸು ಬಂದಿರುವುದರಿಂದ ಉಳಿದ ಕಟ್ಟಿಗೆಗೆ ಎಷ್ಟೋ ಕಡೆ ಹೊಲದಲ್ಲಿಯೇ ಬೆಂಕಿ ಇಡುತ್ತಾರೆ. ಅರ್ಧ ತಾಸಿನಲ್ಲಿ ಎಲ್ಲವೂ ಬೂದಿ. “ಹೊಲ ಹಸನಾಯಿತು” ಎಂದು ಸಮಾಧಾನಪಡುತ್ತೇವೆ. ಹೊಲ ನಿಜವಾಗಿಯೂ ಹಸನಾಯಿತೇ, ಇಲ್ಲವೇ ಬಡವಾಯಿತೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಒಣಗಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 40ರಿಂದ 45 ಪಾಲು ಇಂಗಾಲ. ಗಿಡವು ಅದನ್ನು ಗಾಳಿಯಿಂದ ಗಳಿಸುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದವು ಅಲ್ಪ ಪ್ರಮಾಣದಲ್ಲಿದ್ದರೂ ಬೆಲೆಯುಳ್ಳವು. ಬೆಂಕಿ ಇಟ್ಟಾಗ ಇಂಗಾಲವೂ ಸಾರಜನಕವೂ ಬಹುಪಾಲು ಹೊಗೆಯೊಡನೆ ಹಾರಿಹೋಗುತ್ತವೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣ ಮತ್ತು ಸ್ವಲ್ಪ ರಂಜಕ. ಅದನ್ನೂ ಬೇಸಿಗೆಯ ಗಾಳಿ ಅರ್ಧ ಒಯ್ಯುತ್ತದೆ.

ಅದೇ ಕಸವು ಮಣ್ಣಿನಲ್ಲಿ ಕೊಳೆತರೆ ಆಗುವುದೇ ಬೇರೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳೂ ಎರೆಹುಳುಗಳೂ ಅದನ್ನು ತಿಂದು, ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸುವ ಜಿಗುಟಾದ ಪದಾರ್ಥವನ್ನು ಬಿಟ್ಟುಹೋಗುತ್ತವೆ. ಇದರಿಂದ ಮಣ್ಣು ಹರಳು ಹರಳಾಗಿ, ಸಡಿಲವಾಗಿ ನಿಲ್ಲುತ್ತದೆ. ನಮ್ಮ ಎರೆಭೂಮಿಗೆ ಇದು ವಿಶೇಷವಾಗಿ ಬೇಕಾದದ್ದು. ಈ ಮಣ್ಣಿನ ಜೇಡಿಯು ಮಳೆಗಾಲದಲ್ಲಿ ಉಬ್ಬಿ ನೀರನ್ನು ಒಳಗೆ ಬಿಡದೆ ಕೆಸರಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಅಗಲವಾಗಿ ಬಿರಿಯುತ್ತದೆ. ಇಂಗಾಲವುಳ್ಳ ಮಣ್ಣು ಈ ಎರಡು ಅತಿಗಳನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ತೊಗರಿ ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಚೆನ್ನಾಗಿ ಬರುತ್ತದೆಂದು ಹಿರಿಯರು ಹೇಳುವುದುಂಟು. ಬೇರಿನ ಗಂಟುಗಳ ಜೊತೆಗೆ, ಗಿಡವು ತಾನಾಗಿ ಉದುರಿಸಿದ ಎಲೆಯೂ ಅದಕ್ಕೆ ಕಾರಣ.

ಹಾಗಾದರೆ ಎಲ್ಲ ಕಸವನ್ನೂ ಹಸಿಯಾಗಿಯೇ ಮಣ್ಣಿಗೆ ಸೇರಿಸಬಹುದೇ? ಅದೂ ಸಲ್ಲದು. ಕೊಳೆಯಿಸುವ ಜೀವಿಗಳಿಗೆ ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಜೋಳದ ಕಣಿಕೆಯಲ್ಲಿ ಸಾರಜನಕ ಇದಕ್ಕಿಂತ ಬಹಳ ಕಡಿಮೆ. ಬಿತ್ತನೆಯ ಮುಂಚೆ ಅದನ್ನು ಮಣ್ಣಿನಲ್ಲಿ ಹೂಳಿದರೆ, ಆ ಜೀವಿಗಳು ಕೊರತೆಯನ್ನು ಮಣ್ಣಿನಿಂದಲೇ ತುಂಬಿಕೊಳ್ಳುತ್ತವೆ. ಎಳೆಯ ಪೈರು ಹಳದಿ ತಿರುಗುತ್ತದೆ. ಆದ್ದರಿಂದ ಕಸವನ್ನು ಮೊದಲು ಸಗಣಿಯೊಡನೆ ಕೊಳೆಸಬೇಕು. ಇಂದೋರಿನ ಕೃಷಿ ಸಂಶೋಧನ ಕೇಂದ್ರದಲ್ಲಿ 1924ರಿಂದ 1931ರವರೆಗೆ ಇದ್ದ ಆಲ್ಬರ್ಟ್ ಹೋವರ್ಡ್ ಅವರು ಮಾಡಿದ್ದು ಇದನ್ನೇ. ಅಲ್ಲಿಯದೂ ನಮ್ಮಂಥದೇ ಕರಿಮಣ್ಣು. ಹತ್ತಿಯ ಮತ್ತು ತೊಗರಿಯ ಗಡುಸಾದ ಕಟ್ಟಿಗೆಯನ್ನು ಅವರು ಹೊಲದ ದಾರಿಯ ಮೇಲೆ ಹಾಸಿ, ಗಾಡಿಯ ಗಾಲಿಗಳಿಂದ ಜಜ್ಜಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿಸುತ್ತಿದ್ದರು. ಇಂದೋರ್ ಪದ್ಧತಿಯೆಂದು ಅದು ಲೋಕಪ್ರಸಿದ್ಧವಾಯಿತು.

ಈಚೆಗೆ ಇನ್ನೊಂದು ಉಪಾಯದ ಮಾತು ಕೇಳಿಬರುತ್ತಿದೆ. ಅದೇ ಬಯೋಚಾರ್, ಎಂದರೆ ಮಣ್ಣಿಗಾಗಿ ಮಾಡಿದ ಇದ್ದಿಲು. ಕಟ್ಟಿಗೆಯನ್ನು ಸಾಕಷ್ಟು ಗಾಳಿ ಸಿಗದಂತೆ ಸುಟ್ಟರೆ ಅದು ಬೂದಿಯಾಗದೆ ಇದ್ದಿಲಾಗುತ್ತದೆ. ಅದರ ಇಂಗಾಲದಲ್ಲಿ ಹೆಚ್ಚುಕಡಿಮೆ ಅರ್ಧ ಉಳಿದುಕೊಳ್ಳುತ್ತದೆ. ಈ ಇಂಗಾಲ ನೂರಾರು ವರ್ಷ ಮಣ್ಣಿನಲ್ಲಿ ಕೆಡದೆ ಇರಬಲ್ಲದು. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಬಡ ಮಣ್ಣಿನ ನಡುವೆ ಅಲ್ಲಲ್ಲಿ ಫಲವತ್ತಾದ ಕರಿಮಣ್ಣಿನ ತುಂಡುಗಳಿವೆ. ಪೂರ್ವಕಾಲದ ನಿವಾಸಿಗಳು ಇದ್ದಿಲು, ಮೂಳೆ, ಮನೆಯ ಕಸಗಳನ್ನು ಹಾಕುತ್ತ ಬಂದುದರಿಂದ ಅವು ಉಂಟಾದವು. ಇದ್ದಿಲಿನ ಮೈಯೆಲ್ಲ ಸಣ್ಣ ರಂಧ್ರಗಳು. ಅವುಗಳಲ್ಲಿ ನೀರು ನಿಲ್ಲುತ್ತದೆ, ಸಾರ ನಿಲ್ಲುತ್ತದೆ, ಸೂಕ್ಷ್ಮಜೀವಿಗಳು ಬೀಡುಬಿಡುತ್ತವೆ.

ಆದರೆ ಅಮೆಜಾನಿನ ಮಣ್ಣು ಹುಳಿಗುಣದ್ದು. ನಮ್ಮ ಎರೆಭೂಮಿ ಬಹುಮಟ್ಟಿಗೆ ಕ್ಷಾರಗುಣದ್ದು. ಇದ್ದಿಲೂ ಕ್ಷಾರವೇ. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಲೋಕದ ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿತು. ಬಯೋಚಾರಿನಿಂದ ಉಷ್ಣವಲಯದಲ್ಲಿ ಇಳುವರಿ ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಿತೆಂದೂ, ಸಮಶೀತೋಷ್ಣ ದೇಶಗಳಲ್ಲಿ ಹೆಚ್ಚಲಿಲ್ಲವೆಂದೂ ಅದರಿಂದ ಕಂಡುಬಂತು. ಹುಳಿಮಣ್ಣನ್ನು ಸರಿಪಡಿಸಿದ್ದು ಈ ಲಾಭಕ್ಕೆ ಒಂದು ಮುಖ್ಯ ಕಾರಣ. ಆದ್ದರಿಂದ ಆ 25ರ ಲೆಕ್ಕವನ್ನು ಔರಾದಿನ ಎರೆಹೊಲಕ್ಕೆ ಹಾಗೆಯೇ ಹಚ್ಚಲಾಗದು. ನೀರನ್ನೂ ಸಾರವನ್ನೂ ಹಿಡಿದಿಡಲಾರದ, ಬೀದರ ಸುತ್ತಿನ ಜಂಬಿಟ್ಟಿಗೆಯ ಕೆಂಪು ನೆಲಕ್ಕೆ ಇದ್ದಿಲು ಹೆಚ್ಚು ಒಪ್ಪೀತು. ಇನ್ನೊಂದು ಮಾತು: ಇದ್ದಿಲನ್ನು ಮಣ್ಣಿನ ಜೀವಿಗಳು ಸುಲಭವಾಗಿ ತಿನ್ನಲಾರವು. ಕೊಳೆತ ಕಸ ಅವುಗಳಿಗೆ ಅನ್ನ. ಇದ್ದಿಲು ಬರಿಯ ಮನೆ. ಅನ್ನವಿಲ್ಲದ ಮನೆಯಲ್ಲಿ ಯಾರು ತಾನೇ ಉಳಿದಾರು?

ಒಂದು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲ್ಮಣ್ಣು, ಅರ್ಧ ಅಡಿ ಆಳದವರೆಗೆ, ಸುಮಾರು 8 ಲಕ್ಷ ಕಿಲೋ ತೂಗುತ್ತದೆ. ಅದರ ಇಂಗಾಲವನ್ನು ನೂರಕ್ಕೆ 0.1ರಷ್ಟು ಏರಿಸಲು 800 ಕಿಲೋ ಇಂಗಾಲ ಅಲ್ಲಿ ಉಳಿಯಬೇಕು. ಹತ್ತು ಕ್ವಿಂಟಲ್ ಒಣ ತೊಗರಿಕಟ್ಟಿಗೆಯಿಂದ ಎರಡೂವರೆ ಕ್ವಿಂಟಲ್ ಇದ್ದಿಲು ಸಿಕ್ಕಿತೆಂದು ಇಟ್ಟುಕೊಂಡರೆ, ಅದರಲ್ಲಿ ಇಂಗಾಲ ಸುಮಾರು 165 ಕಿಲೋ. ವರ್ಷಕ್ಕೆ ಇಷ್ಟರಂತೆ ಹಾಕಿದರೂ ಐದು ವರ್ಷ ಬೇಕು. ಇದು ಒಂದು ಹಂಗಾಮಿನ ಪವಾಡವಲ್ಲ, ಒಕ್ಕಲುತನದ ಉಳಿತಾಯ.

ಮಾಡುವ ಕ್ರಮ ಕಷ್ಟದ್ದಲ್ಲ. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನ ಸಂಸ್ಥೆಯವರು 200 ಲೀಟರಿನ ಹಳೆಯ ಎಣ್ಣೆ ಡ್ರಮ್ಮಿನಿಂದಲೇ ಇದಕ್ಕೆ ಗೂಡು ರೂಪಿಸಿದ್ದಾರೆ. ಡ್ರಮ್ಮಿಲ್ಲದಿದ್ದರೆ ಬಾಣಲೆಯಾಕಾರದ ಗುಂಡಿಯಲ್ಲಿ ಕಟ್ಟಿಗೆ ಉರಿಸಿ, ಮೇಲೆ ಬೂದಿ ಕಾಣತೊಡಗಿದೊಡನೆ ಇನ್ನೊಂದು ಪದರ ಹಾಕುತ್ತ ಹೋಗಿ, ಕೊನೆಗೆ ನೀರು ಸುರಿದು ಆರಿಸಬೇಕು. ಹೊಸ ಇದ್ದಿಲು ಮಣ್ಣಿನ ಸಾರಜನಕವನ್ನು ತಾನೇ ಹೀರುವುದರಿಂದ, ಕೆಲವು ವಾರ ಅದನ್ನು ತಿಪ್ಪೆಯ ಗೊಬ್ಬರದಲ್ಲಿ ಬೆರೆಸಿಟ್ಟು ಆಮೇಲೆ ಹೊಲಕ್ಕೆ ಹಾಕುವುದು ಉತ್ತಮ.

ಆದಕಾರಣ ಕ್ರಮ ಹೀಗಿರಲಿ: ಕಣಿಕೆಯೂ ಹೊಟ್ಟೂ ಮೊದಲು ದನಕ್ಕೆ, ಸಗಣಿಯು ಕುಳ್ಳಾಗಿ ಸುಡದೆ ಹೊಲಕ್ಕೆ, ಮೆತ್ತಗಿನ ಕಸ ತಿಪ್ಪೆಗೆ, ಯಾವುದಕ್ಕೂ ಒದಗದ ಗಡುಸು ಕಟ್ಟಿಗೆ ಮಾತ್ರ ಇದ್ದಿಲಿಗೆ, ಬಯಲು ಬೆಂಕಿಗೆ ಏನೂ ಬೇಡ.

2015ರಲ್ಲಿ ಆರಂಭವಾದ ಯೋಜನೆಯಂತೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮಣ್ಣು ಆರೋಗ್ಯ ಚೀಟಿ ಬಂದಿದೆ. ಅದರಲ್ಲಿ ಸಾವಯವ ಇಂಗಾಲದ ಸಾಲನ್ನು ನೋಡಿರಿ. 0.5ಕ್ಕಿಂತ ಕಡಿಮೆಯಿದ್ದರೆ ಹೊಲ ಬಡವಾಗಿದೆ ಎಂದರ್ಥ, 0.75ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಓದು ಕಲಿತ ನಾವು ರಜೆಗೆ ಊರಿಗೆ ಹೋದಾಗ, ಪೆಟ್ಟಿಗೆಯ ತಳದಲ್ಲಿರುವ ಆ ಚೀಟಿಯನ್ನು ತೆಗೆದು ತಂದೆಯವರಿಗೆ ಓದಿ ಹೇಳೋಣ. ಬದುವಿನ ಕಟ್ಟಿಗೆಗೆ ಬೆಂಕಿ ಬೀಳುವ ಮುಂಚೆ ಆ ಮಾತು ಮನೆಯಲ್ಲಿ ನಡೆಯಲಿ.