ಹಿಮ್ಮಡಿ ನೆಲ ಮುಟ್ಟದಿದ್ದರೆ ತಪ್ಪೆಲ್ಲ ಪಾದದ್ದೇನಾ?

ಚನ್ನಪಟ್ಟಣ ಅಂದ್ರೆ ಬೊಂಬೆ. ಅಲ್ಲಿನ ಮೂರು ಗಾಲಿಯ ಮರದ ಗಾಡಿ ಹಿಡಿದು ಮೊದಲ ಹೆಜ್ಜೆ ಇಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಆ ಹೆಜ್ಜೆ ತಡವಾಗಿ, ಬೇರೆ ರೀತಿ ಬರುತ್ತದೆ. ನೋಡಿದವರು, “ತುದಿಗಾಲಲ್ಲಿ ನಡೀತಾನೆ, ನರ ಬಿಗಿ ಇರ್ಬೇಕು, ಒಂದು ಆಪರೇಷನ್ ಮಾಡಿಸಿಬಿಡಿ” ಅಂತಾರೆ. ಅಷ್ಟು ಸುಲಭವಲ್ಲ.

ಎಳವೆಯಲ್ಲಿ ಮೆದುಳಿಗಾದ ಪೆಟ್ಟು ಇದಕ್ಕೆ ಕಾರಣ. ಆ ಪೆಟ್ಟು ಬೆಳೆಯುವುದಿಲ್ಲ; ಮಗು ಬೆಳೆಯುತ್ತದೆ. ಮೂಳೆ ಉದ್ದವಾದ ಹಾಗೆ ಬಿಗಿಯಾದ ಸ್ನಾಯು ಹಿಂದುಳಿಯುತ್ತದೆ, ನಡಿಗೆ ಬದಲಾಗುತ್ತದೆ. ಅದಕ್ಕೇ ಒಮ್ಮೆ ನೋಡಿದರೆ ಸಾಲದು.

ಎರಡೂ ಕಾಲು ಬಿಗಿಯಾದವರ ನಡಿಗೆಯನ್ನು ಆಸ್ಟ್ರೇಲಿಯಾದ ರೊಡ್ಡಾ ಮತ್ತು ಗ್ರಹಾಂ 2001ರಲ್ಲಿ ಕೆಲವು ಬಗೆಗಳಾಗಿ ವಿಂಗಡಿಸಿದರು. ಒಂದರಲ್ಲಿ ಮೀನಖಂಡ ನಿಜವಾಗಿಯೂ ಬಿಗಿ, ಪಾದವೇ ಕೆಳಗೆ ಚಾಚಿರುತ್ತದೆ. ಇನ್ನೊಂದರಲ್ಲಿ ಪಾದ ಸರಿಯಾಗೇ ಇದೆ. ಮಂಡಿ, ಸೊಂಟ ಬಗ್ಗಿರುವುದರಿಂದ ಹಿಮ್ಮಡಿ ಎದ್ದಂತೆ ಕಾಣುತ್ತದೆ. ಎರಡನೆಯವರಿಗೆ ಹಿಮ್ಮಡಿಯ ಸ್ನಾಯುರಜ್ಜು ಉದ್ದ ಮಾಡಿದರೆ ಆಸರೆ ತಪ್ಪಿ, ಮಂಡಿ ಇನ್ನಷ್ಟು ಕುಸಿದು ಕುಕ್ಕಿ ನಡೆಯುವಂತಾಗಬಹುದು.

ಹಾಗಾದರೆ ನೀವೇನು ಮಾಡಬಹುದು? ಶನಿವಾರ ಊರಿಗೆ ಹೋದಾಗ ಫೋನ್ ತೆಗೆಯಿರಿ. ಮಗುವಿಗೆ ಚಡ್ಡಿ ಹಾಕಿಸಿ, ಮಂಡಿ ಕಾಣಲಿ. ಮಂಡಿ-ಸೊಂಟದ ಎತ್ತರದಲ್ಲಿ ಫೋನ್ ಹಿಡಿದು ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ವಿಡಿಯೊ ಮಾಡಿ. ಬರಿಗಾಲಲ್ಲಿ ಒಮ್ಮೆ, ಸ್ಪ್ಲಿಂಟ್ ಹಾಕಿ ಇನ್ನೊಮ್ಮೆ. ಆರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ. 2003ರ ಎಡಿನ್‌ಬರೊ ಸ್ಕೋರ್‌ನಲ್ಲಿ ತಜ್ಞರು ಇಂಥ ಸಾದಾ ವಿಡಿಯೊ ನೋಡಿಯೇ ಪ್ರತಿ ಕಾಲಿಗೆ 17 ಅಂಶ ಅಳೆಯುತ್ತಾರೆ. ಆಪರೇಷನ್ ಮಾತು ಬಂದರೆ ಕ್ಯಾಮೆರಾ, ನೆಲದ ಒತ್ತಡ ಅಳೆಯುವ ಪಟ್ಟಿಗಳಿರುವ ಗೇಟ್ ಲ್ಯಾಬ್ ಪರೀಕ್ಷೆಯ ಬಗ್ಗೆ ಕೇಳಿ.

ಇನ್ನೊಂದು ಅಳತೆ 5, 50, 500 ಮೀಟರ್. ಮನೆಯೊಳಗೆ, ಶಾಲೆಯಲ್ಲಿ, ಪೇಟೆಯಲ್ಲಿ ಮಗು ಹೇಗೆ ಓಡಾಡುತ್ತೆ ಅನ್ನೋದು. ಮನೆಯಲ್ಲಿ ಗೋಡೆ ಹಿಡಿದು ನಡೆಯುವವನಿಗೆ ಸಂತೆಗೆ ವೀಲ್‌ಚೇರ್ ಬೇಕಾದೀತು. ಅದು ಸೋಲಲ್ಲ, ಸಂತೆ ನೋಡುವ ದಾರಿ.

ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಸುಮಾರು 60 ಕಿ.ಮೀ. ದೂರದ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಇದೆ. ಎಲ್ಲಿಗೇ ಹೋಗಿ, ವಿಡಿಯೊ ತೋರಿಸಿ ಮೊದಲು ಕೇಳಬೇಕಾದ್ದು ಇದು: “ಡಾಕ್ಟ್ರೇ, ಬಿಗಿ ಇರೋದು ಪಾದದಲ್ಲಾ, ಇಲ್ಲಾ ಮಂಡಿ-ಸೊಂಟದಲ್ಲಾ?”