ಲ್ಯಾಪ್‌ಟಾಪ್‌ನಲ್ಲೇ ವೆಬ್ ಸರ್ವರ್: ಹಣ ಬೇಕೇ? ಬೇರೆಯವರಿಗೆ ಕಾಣುತ್ತದೆಯೇ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಪಿಜಿಗಳಲ್ಲಿ ಇದ್ದುಕೊಂಡು ವೆಬ್ ಡೆವಲಪ್‌ಮೆಂಟ್ ಕಲಿಯುವವರ ನಡುವೆ ಮೂರು ಮಾತುಗಳು ಆಗಾಗ ಕೇಳಿಬರುತ್ತವೆ. ಅವು ನಿಜವೇ? ಒಂದೊಂದಾಗಿ ನೋಡೋಣ.

ಹೇಳಿಕೆ 1: ಸರ್ವರ್ ಬೇಕಾದರೆ ಹಣ ಕೊಟ್ಟು ಕೊಳ್ಳಬೇಕು.

ಇದು ತಪ್ಪು. ಸರ್ವರ್ ಎಂದರೆ ಕೇಳಿದ ಪುಟವನ್ನು ಕೊಡುವ ಒಂದು ತಂತ್ರಾಂಶ, ಅಷ್ಟೇ. ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ 1990ರಲ್ಲಿ ಟಿಮ್ ಬರ್ನರ್ಸ್ ಲೀ ಅವರ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು. ಅದನ್ನು ಯಾರೂ ಆರಿಸಬಾರದೆಂದು ಅದರ ಮೇಲೆ ಚೀಟಿ ಅಂಟಿಸಲಾಗಿತ್ತು. ಇಂದು ಅಪಾಚೆ, ಎಕ್ಸಾಂಪ್, ಪೈಥಾನ್, ನೋಡ್ ಎಲ್ಲವೂ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದಿದ್ದರೂ ಅಭ್ಯಾಸ ಮಾಡಬಹುದು. ಜನರಿಗೆ ತೋರಿಸಲು ವೆಬ್‌ಸೈಟನ್ನು ಹೊರಗೆ ಹಾಕುವಾಗ ಮಾತ್ರ ಹೋಸ್ಟಿಂಗ್ ಬೇಕಾಗುತ್ತದೆ.

ಹೇಳಿಕೆ 2: ಲೋಕಲ್‌ಹೋಸ್ಟ್ ಲಿಂಕ್ ಫಾರ್ವರ್ಡ್ ಮಾಡಿದರೆ ಎಲ್ಲರೂ ವೆಬ್‌ಸೈಟ್ ನೋಡಬಹುದು.

ಇದೂ ತಪ್ಪು. ಲೋಕಲ್‌ಹೋಸ್ಟ್, ಅಂದರೆ 127.0.0.1, "ನಮ್ಮ ಮನೆ" ಎಂದಂತೆ. ನೀವು ಹೇಳಿದರೆ ನಿಮ್ಮ ಮನೆ, ನಾವು ಹೇಳಿದರೆ ನಮ್ಮ ಮನೆ. ಆ ಲಿಂಕ್ ಒತ್ತಿದ ಗೆಳೆಯರ ಫೋನ್ ತನ್ನೊಳಗೇ ಹುಡುಕುತ್ತದೆ, ಏನೂ ಸಿಗುವುದಿಲ್ಲ. ಹಣ ಪಡೆದು "ವೆಬ್‌ಸೈಟ್ ಸಿದ್ಧವಾಗಿದೆ" ಎಂದು ಯಾರಾದರೂ ಇಂಥ ಲಿಂಕ್ ಕಳಿಸಿದರೆ, ಅದು ಇನ್ನೂ ಅವರ ಕಂಪ್ಯೂಟರಿನಲ್ಲೇ ಇದೆ ಎಂದು ತಿಳಿಯಿರಿ.

ಹೇಳಿಕೆ 3: ನಮ್ಮ ಲ್ಯಾಪ್‌ಟಾಪಿನ ಸರ್ವರ್ ನಮಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ.

ಇದು ಅರ್ಧಸತ್ಯ. ಎಚ್ಚರ ಬೇಕಿರುವುದು ಇಲ್ಲೇ. ಜಾಂಗೋ, ವೀಟ್‌ನಂಥವು ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿಗೆ ಮಾತ್ರ ಉತ್ತರ ಕೊಡುತ್ತವೆ. ಆದರೆ ಪೈಥಾನ್ ಜೊತೆ ಬರುವ ಸರಳ ಸರ್ವರ್ ಮತ್ತು ಎಕ್ಸಾಂಪ್‌ನ ಅಪಾಚೆ ನೆಟ್‌ವರ್ಕಿನಲ್ಲಿ ಇರುವ ಎಲ್ಲರ ಕೋರಿಕೆಯನ್ನೂ ಕೇಳಿಸಿಕೊಳ್ಳುತ್ತವೆ. ಫೈರ್‌ವಾಲ್ ಅಥವಾ ರೂಟರ್ ತಡೆಯದಿದ್ದರೆ, ಅದೇ ಪಿಜಿ ವೈಫೈ ಬಳಸುವ ಪಕ್ಕದ ಕೋಣೆಯವರು ನಿಮ್ಮ ಪುಟ ತೆರೆಯಬಹುದು. ಪೈಥಾನ್ ಸರ್ವರನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಶುರು ಮಾಡಿದರೆ ಅಲ್ಲಿರುವ ಆಧಾರ್ ಪ್ರತಿ, ಅಂಕಪಟ್ಟಿ ಎಲ್ಲವೂ ಪಟ್ಟಿಯಾಗಿ ಕಾಣುತ್ತವೆ.

ಹಾಗಾದರೆ ಏನು ಮಾಡಬೇಕು?

• ಅಭ್ಯಾಸಕ್ಕೆಂದೇ ಬೇರೆ ಖಾಲಿ ಫೋಲ್ಡರ್ ಮಾಡಿಕೊಳ್ಳಿ.
• ಸರ್ವರ್ ಶುರು ಮಾಡುವಾಗ ವಿಳಾಸ 127.0.0.1 ಎಂದೇ ಕೊಡಿ. 0.0.0.0 ಎಂದರೆ ನೆಟ್‌ವರ್ಕಿಗೆ ಬಾಗಿಲು ತೆರೆದಂತೆ.
• ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದಾಗ ಪಬ್ಲಿಕ್ ನೆಟ್‌ವರ್ಕಿಗೆ ಒಪ್ಪಿಗೆ ಕೊಡಬೇಡಿ. ಪಿಜಿ ವೈಫೈಯನ್ನು ಪಬ್ಲಿಕ್ ಎಂದೇ ಗುರುತಿಸಿ.
• ಎಕ್ಸಾಂಪ್‌ನ ಡೇಟಾಬೇಸ್‌ಗೆ ಮೊದಲಿಗೆ ಪಾಸ್‌ವರ್ಡ್ ಇರುವುದಿಲ್ಲ. ನೀವೇ ಹಾಕಿ.
• ಕೆಲಸ ಮುಗಿದ ಮೇಲೆ ಸರ್ವರ್ ನಿಲ್ಲಿಸಿ.

ತೀರ್ಮಾನ: ಸ್ವಂತ ಕಂಪ್ಯೂಟರಿನಲ್ಲಿ ಸರ್ವರ್ ನಡೆಸುವುದು ಉಚಿತ, ಅಪಾಯವೂ ಕಡಿಮೆ. ಆದರೆ "ಲೋಕಲ್" ಎಂದ ಮಾತ್ರಕ್ಕೆ ಖಾಸಗಿ ಅಲ್ಲ. ಕಲಿಯುತ್ತಿರುವ ಗೆಳೆಯರಿಗೆ ಇದನ್ನು ತಿಳಿಸಿ.