ಪಾಶ್ಚಾತ್ಯ ಮಹಿಳೆಯರ ಕೈಗವಸು: ಅಳತೆ, ಚರ್ಮ, ಹೊಲಿಗೆ (1900–1965)

ದಿಂಬಿಗೆ ಗವಸು, ವೀಣೆಗೆ ಗವಸು ಎಂದು ನಾವು ಹೇಳುವುದುಂಟು. ವಸ್ತುವಿಗೆ ಧೂಳು ತಗಲದಂತೆ, ಅದು ಮಾಸದಂತೆ ಹೊದಿಸುವ ಚೀಲಕ್ಕೆ ಈ ಹೆಸರು. ಹಳೆಯ ಗವಸಣಿಗೆ ಎಂಬ ಮಾತಿನ ಅರ್ಥವೂ ಇದೇ. ಆದರೆ ನಮ್ಮಲ್ಲಿ ಕೈಗೆ ಗವಸು ತೊಡುವವರು ಯಾರೆಂದು ನೋಡಿದರೆ, ಶಸ್ತ್ರವೈದ್ಯರು, ವಿದ್ಯುತ್ ಕಂಬವನ್ನೇರುವವರು, ಕುಲುಮೆಯ ಮುಂದೆ ನಿಲ್ಲುವವರು, ಕ್ರಿಕೆಟ್ಟಿನ ವಿಕೆಟ್ ಕೀಪರರು, ಎಂದರೆ ಕೈಯಿಂದ ಯಾವುದಾದರೊಂದು ಕಠಿಣವಾದ ಕೆಲಸವನ್ನು ಮಾಡತಕ್ಕವರು. ಯೂರೋಪು ಮತ್ತು ಅಮೆರಿಕಗಳಲ್ಲಿ 20ನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಬಳಕೆಯಲ್ಲಿದ್ದ ಮಹಿಳೆಯರ ಕೈಗವಸಿನ ಉದ್ದೇಶವು ಇದಕ್ಕೆ ತೀರ ವಿರುದ್ಧವಾದುದು. ಈ ಕೈ ಕೆಲಸ ಮಾಡತಕ್ಕದ್ದಲ್ಲ ಎಂದು ನೋಡಿದವರಿಗೆ ತಿಳಿಸುವುದೇ ಅದರ ಮುಖ್ಯ ಪ್ರಯೋಜನವಾಗಿದ್ದಿತು. ಹೀಗಿದ್ದೂ, ಅಂದಿನ ಉಡುಪುಗಳಲ್ಲಿ ಕೈಗವಸಿನಷ್ಟು ಕೈಕೆಲಸವನ್ನು ಬೇಡುತ್ತಿದ್ದವು ಕೆಲವೇ. ಈ ವಿರೋಧವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉಡುಪಿನ ಇತಿಹಾಸಕಾರರು ಸಾಮಾನ್ಯವಾಗಿ ಕೈಗವಸಿನ ಹೊರಮೈಯನ್ನು, ಅದರ ಬಣ್ಣ ಉದ್ದ ಅಲಂಕಾರಗಳನ್ನು, ವರ್ಣಿಸಿ ಮುಂದೆ ಸಾಗುತ್ತಾರೆ. ನಾವು ಅದನ್ನು ಒಳಗಿನಿಂದ ನೋಡಲು ಪ್ರಯತ್ನಿಸುತ್ತೇವೆ.

ಮೊದಲು ಅಳತೆಯ ವಿಚಾರ. ಫ್ರಾನ್ಸಿನ ಗ್ರೆನೋಬ್ಲ್ ನಗರದ ಝೇವಿಯರ್ ಜೂವ್ಯಾಂ ಎಂಬಾತನು ಬರುವವರೆಗೆ ಕೈಗವಸುಗಳಿಗೆ ನಂಬತಕ್ಕ ಅಳತೆಯಿರಲಿಲ್ಲ. ಒಬ್ಬೊಬ್ಬ ಕಸುಬುದಾರನದು ಒಂದೊಂದು ಅಂದಾಜು. ಜೂವ್ಯಾಂ ನಾನಾ ಬಗೆಯ ಜನರ ಕೈಗಳನ್ನು ಅಳೆದು, ಅವನ್ನು ಉದ್ದ ಅಗಲಗಳಿಗೆ ತಕ್ಕಂತೆ ವರ್ಗೀಕರಿಸಿ, 1834ರಲ್ಲಿ ತನ್ನ ಅಳತೆಯ ಪದ್ಧತಿಗೆ ಪೇಟೆಂಟ್ ಪಡೆದನು. ನಾಲ್ಕು ವರ್ಷಗಳ ತರುವಾಯ, ಚರ್ಮವನ್ನು ಕೈಯ ಆಕಾರಕ್ಕೆ ಒಮ್ಮೆಗೇ ಕತ್ತರಿಸುವ ಉಕ್ಕಿನ ಅಚ್ಚಿಗೂ ಪೇಟೆಂಟ್ ದೊರೆಯಿತು. ಕಬ್ಬಿಣದ ಕೈ ಎಂದು ಅದಕ್ಕೆ ಹೆಸರು. 20ನೆಯ ಶತಮಾನದ ಅಂಗಡಿಗಳಲ್ಲಿ 6, 6¼, 6½ ಎಂದು ಕೇಳಿ ಕೊಳ್ಳುತ್ತಿದ್ದ ಸಂಖ್ಯೆಗಳ ಮೂಲ ಇದೇ. ಹೆಬ್ಬೆರಳನ್ನು ಬಿಟ್ಟು, ಬೆರಳುಗಳ ಬುಡದ ಗೆಣ್ಣಿನ ಮೇಲೆ ಅಂಗೈಯ ಸುತ್ತಳತೆಯನ್ನು ಹಳೆಯ ಫ್ರೆಂಚ್ ಅಂಗುಲದಲ್ಲಿ ಹೇಳಿದರೆ ಆ ಸಂಖ್ಯೆ ಬರುತ್ತದೆ. ಫ್ರೆಂಚ್ ಅಂಗುಲವು ಸುಮಾರು 27 ಮಿಲಿಮೀಟರು. ಆದುದರಿಂದ 6½ರ ಗವಸು ಸುಮಾರು 176 ಮಿಲಿಮೀಟರು ಸುತ್ತಳತೆಯ ಕೈಗೆ ಹೊಂದತಕ್ಕದ್ದು. ಫ್ರಾನ್ಸು ತಾನೇ ಮೆಟ್ರಿಕ್ ಮಾನವನ್ನು ತಂದು ಹಳೆಯ ಅಂಗುಲವನ್ನು ಕೈಬಿಟ್ಟ ಮೇಲೂ ಕೈಗವಸಿನಲ್ಲಿ ಮಾತ್ರ ಅದು ಉಳಿದುಕೊಂಡುದು ವಿಶೇಷ.

ಉದ್ದವನ್ನು ಹೇಳುವ ಕ್ರಮವು ಇನ್ನೂ ವಿಚಿತ್ರವಾದುದು. ಎಂಟು ಗುಂಡಿಯ ಗವಸು, ಹದಿನಾರು ಗುಂಡಿಯ ಗವಸು ಎಂಬ ಮಾತನ್ನು ಹಳೆಯ ಬೆಲೆಪಟ್ಟಿಗಳಲ್ಲಿ ಕಂಡು, ಹದಿನಾರು ಗುಂಡಿಗಳನ್ನು ಹುಡುಕಹೊರಟವರು ನಿರಾಶರಾಗುವರು. ಇಲ್ಲಿ ಗುಂಡಿ ಎಂದರೆ ಒಂದು ಅಳತೆ. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ಒಂದು ಫ್ರೆಂಚ್ ಅಂಗುಲಕ್ಕೆ ಒಂದು ಗುಂಡಿ ಎಂದು ಲೆಕ್ಕ. ಹದಿನಾರು ಗುಂಡಿಯ ಗವಸು ಮೊಣಕೈಯನ್ನು ದಾಟಿ ತೋಳಿನ ಮಧ್ಯಕ್ಕೆ ಏರುವುದಾದರೂ, ಅದರಲ್ಲಿ ಸಾಮಾನ್ಯವಾಗಿ ಮಣಿಕಟ್ಟಿನ ಒಳಭಾಗದಲ್ಲಿ ಮೂರೇ ಗುಂಡಿಗಳಿರುತ್ತವೆ. ಇಂಥ ಸೀಳುಳ್ಳ ಉದ್ದ ಗವಸಿಗೆ ಮಸ್ಕಿಟೇರ್ ಎಂದು ಹೆಸರು. ಅದನ್ನು ಬಳಕೆಗೆ ತಂದ ಕೀರ್ತಿಯನ್ನು ಫ್ರೆಂಚ್ ನಟಿ ಸಾರಾ ಬರ್ನಾರಳಿಗೆ ಸಲ್ಲಿಸುವುದು ವಾಡಿಕೆ. ಗವಸು ತೊಟ್ಟ ಕೈಯಿಂದ ಉಣ್ಣುವುದು ಅಸಭ್ಯವೆಂಬ ನಿಯಮವಿದ್ದುದರಿಂದ, ಊಟಕ್ಕೆ ಕುಳಿತಾಗ ಗುಂಡಿ ಬಿಚ್ಚಿ, ಸೀಳಿನ ಮೂಲಕ ಕೈಯನ್ನಷ್ಟೇ ಹೊರತೆಗೆದು, ಬೆರಳಿನ ಭಾಗವನ್ನು ಮಣಿಕಟ್ಟಿನೊಳಕ್ಕೆ ಮಡಿಸಿಡುತ್ತಿದ್ದರು. ಗವಸಿನ ಮೇಲೆ ಕಡಗವನ್ನು ಧರಿಸಬಹುದಾಗಿತ್ತು, ಉಂಗುರವನ್ನು ಧರಿಸಬಾರದಾಗಿತ್ತು. ಮಡಿ ಮೈಲಿಗೆಗಳ ಸೂಕ್ಷ್ಮಗಳನ್ನು ಬಲ್ಲ ನಮ್ಮ ವಾಚಕರಿಗೆ ಇಂಥ ನಿಯಮಗಳು ವಿಸ್ಮಯವನ್ನುಂಟುಮಾಡಲಾರವು.

ಚರ್ಮಗಳಲ್ಲಿ ಅಗ್ರಗಣ್ಯವಾದುದು ಹಾಲು ಕುಡಿಯುವ ಮೇಕೆಮರಿಯದು. ಕಿಡ್ ಎಂದು ಅದನ್ನು ಕರೆಯುತ್ತಾರೆ. ಹುಲ್ಲು ಮೇಯಲಾರಂಭಿಸಿದ ಮರಿಯ ಚರ್ಮವು ಒರಟಾಗುವುದು. ಕುರಿಮರಿಯ ಚರ್ಮಕ್ಕೆ ದಕ್ಷಿಣ ಫ್ರಾನ್ಸಿನ ಮಿಯೋ ಪಟ್ಟಣವು ಪ್ರಸಿದ್ಧವಾಯಿತು. ಆ ಪ್ರದೇಶದಲ್ಲಿ ಕುರಿಯ ಹಾಲಿನಿಂದ ರೋಕ್‌ಫೋರ್ ಎಂಬ ಗಿಣ್ಣನ್ನು ತಯಾರಿಸುತ್ತಾರೆ. ಹಾಲು ಗಿಣ್ಣಿಗೆ ಬೇಕಾದುದರಿಂದ ಮರಿಗಳನ್ನು ಎಳೆಯದರಲ್ಲಿಯೇ ಕಡಿಯುತ್ತಿದ್ದರು, ಅವುಗಳ ಚರ್ಮವು ಗವಸಿನ ಕಾರ್ಖಾನೆಗೆ ಹೋಗುತ್ತಿತ್ತು. ಒಂದು ಊರಿನ ಊಟದ ಪದಾರ್ಥವೇ ಮತ್ತೊಂದು ಊರಿನ ಉಡುಪಿಗೆ ಕಾರಣವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತಿಳಿಯದು. ಚರ್ಮದ ಒಳಮೈಯನ್ನು ಉಜ್ಜಿ ನುಣುಪಾದ ನವಿರೆಬ್ಬಿಸಿ, ಆ ಮೈಯನ್ನು ಹೊರಗಿಟ್ಟು ಹೊಲಿದರೆ ಅದು ಸ್ವೇಡ್. ಸ್ವೀಡನ್ ದೇಶದ ಫ್ರೆಂಚ್ ಹೆಸರಿನಿಂದ ಬಂದ ಮಾತು. ಹಂದಿಯ ಚರ್ಮ, ದಕ್ಷಿಣ ಆಫ್ರಿಕದ ಕುರಿಯ ಕೇಪ್ ಚರ್ಮ ಮೊದಲಾದವು ಹಗಲಿನ ತಿರುಗಾಟದ ಗವಸುಗಳಿಗೆ ಮೀಸಲು.

ಕಿಡ್ ಚರ್ಮವನ್ನು ತೊಗಟೆಯ ಕಷಾಯದಲ್ಲಿ ಹದಮಾಡುವುದಿಲ್ಲ. ಪಟಿಕ, ಉಪ್ಪು, ಗೋದಿಹಿಟ್ಟು ಮತ್ತು ಮೊಟ್ಟೆಯ ಹಳದಿ ಇವುಗಳ ಸರಿಯಲ್ಲಿ ತುಳಿದು ನೆನೆಸುತ್ತಿದ್ದರು. ಇದರಿಂದ ಚರ್ಮವು ಬೆಳ್ಳಗೆ, ಮೃದುವಾಗಿ, ಎಳೆದತ್ತ ಹಿಗ್ಗುವಂತೆ ಆಗುತ್ತದೆ. ಆದರೆ ಪಟಿಕವು ಚರ್ಮದೊಡನೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ. ನೀರಿನಲ್ಲಿ ಅದ್ದಿದರೆ ತೊಳೆದುಹೋಗಿ, ಒಣಗಿದ ಚರ್ಮವು ಕೊರಡಿನಂತಾಗುತ್ತದೆ. ಬಿಳಿಯ ಕಿಡ್ ಗವಸು ಐಶ್ವರ್ಯದ ಚಿಹ್ನೆಯಾದುದರ ರಹಸ್ಯವಿರುವುದು ಇಲ್ಲಿಯೇ. ಅದು ಬೇಗನೆ ಮಾಸುತ್ತದೆ, ಒಗೆಯಲು ಬರುವುದಿಲ್ಲ. ಬೆನ್ಜೀನಿನಂಥ ದ್ರವದಿಂದ, ಬೆಂಕಿಯ ಅಪಾಯವನ್ನು ಲೆಕ್ಕಿಸದೆ, ಒರೆಸಬೇಕು, ಇಲ್ಲವೆ ಹೊಸದನ್ನು ಕೊಳ್ಳಬೇಕು. 19ನೆಯ ಶತಮಾನದ ಕೊನೆಗೆ ಕ್ರೋಮ್ ಲವಣದಿಂದ ಹದಮಾಡುವ ವಿಧಾನವು ರೂಢಿಗೆ ಬಂದ ಮೇಲೆಯೇ ಒಗೆಯಬಹುದಾದ ಕಿಡ್ ಗವಸು ಸಾಧ್ಯವಾಯಿತು. ಗವಸಿನ ಒಳಗೆ ಒಗೆಯಬಹುದು ಎಂಬ ಮುದ್ರೆ ಕಂಡುಬಂದರೆ ಅದು ಈ ಹೊಸ ಕಾಲದ್ದೆಂದು ತಿಳಿಯಬೇಕು.

ಇನ್ನು ಕೆಲಸದ ವಿಚಾರ. ಉತ್ತಮವಾದ ಗವಸನ್ನು ಅಚ್ಚಿಗೆ ಕೊಡುವ ಮೊದಲು ಮೇಜಿನ ಕೆಲಸಗಾರನು ಚರ್ಮವನ್ನು ಒದ್ದೆಮಾಡಿ, ಮೇಜಿನ ಅಂಚಿನ ಮೇಲೆ ಎಳೆದೆಳೆದು ಅದರ ಹಿಗ್ಗನ್ನು ಪರೀಕ್ಷಿಸುತ್ತಾನೆ. ಉದ್ದಕ್ಕೆ ಹಿಗ್ಗಬೇಕಾದುದನ್ನೆಲ್ಲ ಆಗಲೇ ಹಿಗ್ಗಿಸಿ ತೀರಿಸಿ, ಅಡ್ಡಕ್ಕೆ ಮಾತ್ರ ಹಿಗ್ಗು ಉಳಿಯುವಂತೆ ತುಂಡುಮಾಡುವುದು ಅವನ ಕೌಶಲ. ಹಾಗೆ ಮಾಡದಿದ್ದರೆ ನಾಲ್ಕು ಸಲ ತೊಡುವುದರೊಳಗೆ ಬೆರಳ ತುದಿಗಳು ಜೋಲುತ್ತವೆ. ಅಂಗೈ ಹಾಗೂ ಕೈಯ ಹಿಂಬದಿಗಳೆರಡೂ ಒಂದೇ ತುಂಡು. ಹೆಬ್ಬೆರಳಿಗೆ ಬೇರೆ ತುಂಡು. ಬೆರಳುಗಳ ನಡುವೆ ಕವಲುಪಟ್ಟಿಗಳು. ಕವಲಿನ ಬುಡದಲ್ಲಿ, ಬೆರಳು ಅಗಲಿಸಿದಾಗ ಹರಿಯದಂತೆ, ಉಗುರಿನಷ್ಟು ಚಿಕ್ಕದಾದ ಚೌಕದ ತೇಪೆಗಳು. ಇವನ್ನು ಕೂಡಿಸುವ ಹೊಲಿಗೆಯಲ್ಲಿಯೂ ಭೇದಗಳಿವೆ. ಎರಡು ಅಂಚುಗಳನ್ನು ಜೋಡಿಸಿ ಹೊರಗಿನಿಂದ ಸುತ್ತುಹೊಲಿಗೆ ಹಾಕುವುದು ನಯವಾದ ಕಿಡ್‌ಗೆ ಸಲ್ಲುತ್ತದೆ. ಒಂದು ಅಂಚನ್ನು ಇನ್ನೊಂದರ ಮೇಲೆ ಹೊದಿಸಿ ಹೊಲಿದರೆ ಅದು ಪೀಕೆ. ಅದಕ್ಕೆ ಗವಸಿನ ಬೆರಳೊಳಗೆ ತೂರುವಷ್ಟು ಸಪುರವಾದ ಕಂಬವುಳ್ಳ ಪ್ರತ್ಯೇಕ ಯಂತ್ರವೇ ಬೇಕು. ಒಳಗಿನಿಂದ ಹೊಲಿದು ತಿರುವಿಹಾಕುವುದು ಅಗ್ಗದ ಬಟ್ಟೆಯ ಗವಸಿನಲ್ಲಿ ಸಾಮಾನ್ಯ.

ಎಳೆದು ಕತ್ತರಿಸುವ ಕೆಲಸವು ಗಂಡಸರದು, ಹೊಲಿಗೆಯು ಬಹುಮಟ್ಟಿಗೆ ಹೆಂಗಸರದು. ಗ್ರೆನೋಬ್ಲಿನ ಸುತ್ತಲಿನ ಹಳ್ಳಿಗಳಲ್ಲಿ, ಇಂಗ್ಲೆಂಡಿನ ಯೋವಿಲ್ ಮತ್ತು ವುಸ್ಟರ್ ಪಟ್ಟಣಗಳ ಆಸುಪಾಸಿನಲ್ಲಿ, ಕತ್ತರಿಸಿದ ತುಂಡುಗಳ ಕಟ್ಟುಗಳು ಮನೆಮನೆಗೆ ಬಂದು, ಹೊಲಿದ ಜೊತೆಗಳಾಗಿ ಹಿಂದಿರುಗುತ್ತಿದ್ದವು. ಕೂಲಿಯು ಮುಗಿಸಿಕೊಟ್ಟ ಸಂಖ್ಯೆಗೆ ತಕ್ಕಂತೆ. ಕೈಹೊಲಿಗೆಗೆ ಸಾಮರ್ಸೆಟ್ ಸೀಮೆಯಲ್ಲಿ ಒಂದು ಉಪಕರಣವಿದ್ದಿತು. ಕಾಲಿನಿಂದ ಮೆಟ್ಟಿದರೆ ತೆರೆದು, ಬಿಟ್ಟರೆ ಮುಚ್ಚಿಕೊಳ್ಳುವ ಹಿತ್ತಾಳೆಯ ದವಡೆ; ದವಡೆಯ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳು. ಹಲ್ಲಿನ ಸಂದುಸಂದಿಗೆ ಸೂಜಿಯನ್ನು ತೂರಿಸಿದರೆ ಹೊಲಿಗೆಗಳು ಒಂದೇ ಅಂತರದಲ್ಲಿ ಬೀಳುತ್ತವೆ. ಅದನ್ನು ಅವರು ಕತ್ತೆ ಎಂದು ಕರೆಯುತ್ತಿದ್ದರು. ಕೈಗೆ ಕೆಲಸವಿಲ್ಲವೆಂದು ಸಾರುವ ವಸ್ತುವನ್ನು ಹೊಲಿಯುವ ಯಂತ್ರಕ್ಕೆ ಈ ಹೆಸರನ್ನಿಟ್ಟವರ ವಿವೇಕವನ್ನು ಮೆಚ್ಚಬೇಕಾಗಿದೆ.

ಅಮೆರಿಕದಲ್ಲಿ ಈ ಕಸುಬಿನ ನೆಲೆ ನ್ಯೂಯಾರ್ಕ್ ರಾಜ್ಯದ ಗ್ಲವರ್ಸ್‌ವಿಲ್ ಮತ್ತು ಜಾನ್ಸ್‌ಟೌನ್. ಮೊದಲನೆಯ ಊರಿಗೆ 1828ರಲ್ಲಿ ಕಸುಬಿನಿಂದಲೇ ಹೆಸರು ಬಂದಿತು. ಮುಂದೆ ಹಾಲಿವುಡ್ಡಿನಲ್ಲಿ ಚಿತ್ರನಿರ್ಮಾಪಕನಾಗಿ ಮೆರೆದ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ತನ್ನ ಎಳೆಯ ವಯಸ್ಸಿನಲ್ಲಿ ದುಡಿದುದು ಇಲ್ಲಿಯ ಗವಸಿನ ವ್ಯಾಪಾರದಲ್ಲಿ. ಇದೇ ಊರುಗಳಲ್ಲಿ 1914ರಲ್ಲಿ ಮೇಜಿನ ಕೆಲಸಗಾರರು ಕೂಲಿಯ ಹೆಚ್ಚಳಕ್ಕಾಗಿ ಮುಷ್ಕರ ಹೂಡಿ, ತಿಂಗಳುಗಟ್ಟಲೆ ಕೆಲಸ ಬಿಟ್ಟು, ಕಡೆಗೆ ಸೋತು ಹಿಂದಿರುಗಿದರು. ಅಷ್ಟು ಅಪರೂಪದ ಕೌಶಲವುಳ್ಳವರಿಗೇ ಹೀಗಾದ ಮೇಲೆ, ಮನೆಯಲ್ಲಿ ಒಬ್ಬೊಬ್ಬಳಾಗಿ ಕುಳಿತು ಹೊಲಿಯುತ್ತಿದ್ದವರ ಸ್ಥಿತಿಯನ್ನು ವಾಚಕರೇ ಊಹಿಸಬಹುದು.

ಬಟ್ಟೆಯ ಗವಸು ಚರ್ಮದ ಗವಸಿಗೆ ಬಡತಂಗಿಯಾಗಿ ಬಂದು ಮನೆಯನ್ನೇ ವಶಪಡಿಸಿಕೊಂಡಿತೆನ್ನಬಹುದು. ಅಮೆರಿಕದ ಕೈಸರ್ ಸಂಸ್ಥೆಯವರು ರೇಷ್ಮೆಯ ಗವಸಿನ ಬೆರಳ ತುದಿಗೆ ಎರಡು ಪದರ ಕೊಟ್ಟು ಬೇಗ ತೂತಾಗುವ ದೋಷವನ್ನು ನಿವಾರಿಸಿದರು. ಜರ್ಮನಿಯ ಸ್ಯಾಕ್ಸನಿಯಲ್ಲಿ, ಕೆಮ್ನಿಟ್ಸ್ ನಗರದ ಸುತ್ತ, ಸ್ವೇಡಿನಂತೆ ಕಾಣುವ ನವಿರಾದ ಹತ್ತಿಯ ಗವಸುಗಳು ತಯಾರಾಗಿ ಬ್ರಿಟನ್ನಿಗೂ ಅಮೆರಿಕಕ್ಕೂ ಹೋಗುತ್ತಿದ್ದವು. ಪ್ರಥಮ ಮಹಾಯುದ್ಧದಲ್ಲಿ ಅವು ನಿಂತಾಗ ಇಂಗ್ಲೆಂಡಿನವರು ತಾವೇ ಹೆಣೆಯಲು ಕಲಿತರು. ಯುದ್ಧಾನಂತರ ಮಾರ್ಕಿನ ಬೆಲೆ ಕುಸಿದು ಜರ್ಮನ್ ಗವಸುಗಳು ಅಗ್ಗವಾಗಿ ಮರಳಿದಾಗ, ಕೈಗಾರಿಕೆಗಳ ರಕ್ಷಣೆಗೆಂದು 1921ರಲ್ಲಿ ಮಾಡಿದ ಶಾಸನದ ಮೇರೆಗೆ, 1922ರಲ್ಲಿ ಅವುಗಳ ಮೇಲೆ ನೂರಕ್ಕೆ 33⅓ರಂತೆ ಸುಂಕ ಹಾಕಲಾಯಿತು. ಇದಕ್ಕೆ ಪ್ರಬಲವಾದ ಪ್ರತಿಭಟನೆ ಬಂದುದು ಜರ್ಮನಿಯಿಂದಲ್ಲ, ಇಂಗ್ಲೆಂಡಿನದೇ ಆದ ಲ್ಯಾಂಕಾಷೈರಿನಿಂದ. ಏಕೆಂದರೆ ಸ್ಯಾಕ್ಸನಿಯ ಗವಸಿಗೆ ಬೇಕಾದ ನಯವಾದ ನೂಲನ್ನು ನೂತು ಕಳುಹಿಸುತ್ತಿದ್ದವರು ಅವರೇ. ಒಂದು ಜೊತೆ ಗವಸಿನ ವಿಷಯದಲ್ಲಿ ಬ್ರಿಟಿಷ್ ಸಂಸತ್ತಿನ ಮುಕ್ತ ವ್ಯಾಪಾರವಾದಿಗಳೂ ಸುಂಕವಾದಿಗಳೂ ತಮ್ಮ ಹಳೆಯ ಜಗಳವನ್ನೆಲ್ಲ ಪುನಃ ಹೂಡಿದರು.

ಬಾಹ್ಯ ರೂಪದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1920ರ ದಶಕದಲ್ಲಿ ಉದ್ದ ಗವಸು ಹಿಂದೆ ಸರಿದು, ಮಣಿಕಟ್ಟಿನಲ್ಲಿ ಅಗಲವಾಗಿ ತೆರೆದ ಕಸೂತಿಯ ಅಂಚುಳ್ಳ ಗವಸು ಮುಂದೆ ಬಂದಿತು. 1930ರ ದಶಕದ ಬೆನ್ನು ತೆರೆದ ಸಂಜೆಯುಡುಪಿನೊಡನೆ ಉದ್ದವಾದುದು ಹಿಂದಿರುಗಿತು. ಪ್ಯಾರಿಸಿನ ಎಲ್ಸಾ ಸ್ಕಿಯಾಪರೆಲ್ಲಿ 1936ರ ಸುಮಾರಿನಲ್ಲಿ ಕಪ್ಪು ಗವಸಿನ ಬೆರಳುಗಳಿಗೆ ಹಾವಿನ ಚರ್ಮದ ಕೆಂಪು ಉಗುರುಗಳನ್ನು ಹೊಲಿಸಿದಳು: ಕೈಯನ್ನು ಮುಚ್ಚುವ ವಸ್ತುವೇ ಕೈಯ ವೇಷ ಹಾಕಿತು. ದ್ವಿತೀಯ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ ಉಡುಪಿಗೆ ಪಡಿತರ ಬಂದಿತು. ಅದೇ ವರ್ಷ ಬಳಕೆಗೆ ಬಂದು 1952ರವರೆಗೆ ನಡೆದ ಸಿಸಿ41 ಎಂಬ ಮುದ್ರೆಯು ಗವಸಿನೊಳಗೆ ಕಂಡರೆ ಕಾಲನಿರ್ಣಯಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. 1939ರಲ್ಲಿ ವಿಯೆನ್ನದಿಂದ ನಿರಾಶ್ರಿತಳಾಗಿ ಇಂಗ್ಲೆಂಡಿಗೆ ಬಂದ ಕಾರ್ನೀಲಿಯಾ ಜೇಮ್ಸ್ 1947ರಲ್ಲಿ ರಾಜಕುಮಾರಿ ಎಲಿಜಬೆತ್ತಳ ವಿವಾಹಕಾಲಕ್ಕೆ ಗವಸು ಮಾಡಿಕೊಟ್ಟು ಹೆಸರಾದಳು. ಅದೇ ವರ್ಷದ ದಿಯೋರನ ಹೊಸ ಶೈಲಿಯ ಉಡುಪುಗಳೊಡನೆ ಗವಸಿಗೆ ಮತ್ತೊಂದು ವಸಂತವು ಒದಗಿತು.

ಆದರೆ ಆ ವಸಂತದಲ್ಲಿ ಗವಸು ತೊಟ್ಟವರು ಯಾರು? ಸಿರಿವಂತರಲ್ಲದೆ ಬೆರಳಚ್ಚುಗಾರ್ತಿಯರು, ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದ ತರುಣಿಯರು, ಶಾಲೆಯ ಅಧ್ಯಾಪಿಕೆಯರು. ಅವರಿಗೆ ಇದನ್ನು ಸಾಧ್ಯಮಾಡಿದುದು ಹತ್ತಿ ಮತ್ತು ನೈಲಾನ್. ರಾತ್ರಿ ಒಗೆದು ಹರವಿದರೆ ಬೆಳಗಾಗುವುದರೊಳಗೆ ಒಣಗುವ ಬಿಳಿಯ ನೈಲಾನ್ ಗವಸು, ಬಿಳಿಯ ಕಿಡ್ ಗವಸಿನ ಸಿರಿಮಾತನ್ನು ಸುಳ್ಳುಮಾಡಿತು. ಎಲ್ಲರ ಕೈಯೂ ಬೆಳ್ಳಗಿರಬಹುದಾದ ಮೇಲೆ ಬೆಳ್ಳಗಿರುವುದಕ್ಕೆ ಅರ್ಥವೇನು ಉಳಿಯಿತು? ಹಿಗ್ಗುವ ನೈಲಾನ್ ಬಂದಾಗ ಒಂದೇ ಗವಸು ಎಲ್ಲ ಕೈಗಳಿಗೂ ಹೊಂದಿತು. ಜೂವ್ಯಾಂ ಅಳೆದಿಟ್ಟ ನೂರಾರು ಕೈಗಳು ಒಂದೇ ಕೈಯಾದವು. ಮೇಜಿನ ಕೆಲಸಗಾರನೂ ಬೇಡವಾದನು. 1960ರ ದಶಕದಲ್ಲಿ ಉಡುಪು ಸಡಿಲವಾದುದು, ಟೋಪಿಯ ರೂಢಿ ಹೋದುದು ಇವು ಗವಸಿನ ಅವನತಿಗೆ ಕಾರಣವೆಂದು ಹೇಳುವುದುಂಟು. ಅದು ನಿಜವಾದರೂ, ಗವಸು ಆ ಮೊದಲೇ ಒಳಗಿನಿಂದ ಬರಿದಾಗಿದ್ದಿತೆಂದು ನಮ್ಮ ಅಭಿಪ್ರಾಯ.

ಹಳೆಯ ಗವಸುಗಳು ಕೈಸೇರಿದವರಿಗೆ ಒಂದೆರಡು ಸೂಚನೆಗಳನ್ನು ಕೊಡುವುದು ಅಪ್ರಸ್ತುತವಾಗಲಾರದು. ಕಿಡ್ ಎಂದು ತೋರಿದುದಕ್ಕೆ ನೀರು ತಗಲಿಸಬಾರದು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಡುವ ಕಡೆ, ಆಮ್ಲವಿಲ್ಲದ ಕಾಗದದ ನಡುವೆ, ಮಡಿಸದೆ ಚಪ್ಪಟೆಯಾಗಿ ಇಡಬೇಕು. ತೊಟ್ಟು ನೋಡುವ ಆಸೆಯನ್ನು ಬಿಡಬೇಕು. ಪರೀಕ್ಷಿಸುವಾಗ ಮಣಿಕಟ್ಟಿನ ಒಳಗಿನ ಮುದ್ರೆಯನ್ನು ಓದಿದ ತರುವಾಯ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಹರಿದ ತುದಿಯನ್ನು ಮರದ ಪುಟ್ಟ ಗುಂಡಿನ ಮೇಲೆ ಏರಿಸಿ ರಫೂ ಮಾಡುವ ಪದ್ಧತಿಯಿದ್ದಿತು. ಕಾರ್ಖಾನೆಯ ಹೊಲಿಗೆಯ ಪಕ್ಕದಲ್ಲಿ, ಬಣ್ಣ ಸ್ವಲ್ಪ ಬೇರೆಯಾದ ದಾರದಲ್ಲಿ, ತೊಟ್ಟವಳೇ ಹಾಕಿಕೊಂಡ ಆ ಹೊಲಿಗೆಗಳನ್ನು ಕಳೆಯೆಂದು ಬಿಚ್ಚದೆ, ಎಷ್ಟಿವೆಯೆಂದು ಎಣಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.